ಸಂಸಾರಕ್ಕಾಗಿ ಅಂದರೆ ಎಲ್ಲಾ ಮಾಫಿಯೇ?

ರವಿಚಂದ್ರನ್ ಅವರ 'ದೃಶ್ಯ' (2014) ನೋಡಿ ಚಪ್ಪಾಳೆ ತಟ್ಟದವರು ಯಾರಿದ್ದಾರೆ ಹೇಳಿ? ಹಿಂದಿಯಲ್ಲಿ ಅಜಯ್ ದೇವಗನ್ ಮಾಡಿದಾಗ (2015) ಇಲ್ಲಿ ಪುಣೆಯಲ್ಲೂ ಅದೇ ಕತೆ. ಮಗಳನ್ನು ಉಳಿಸಲು ಅಪ್ಪ ಹೆಣ ಹೂಳುತ್ತಾನೆ, ಬಸ್ ಟಿಕೆಟು, ಹೋಟೆಲ್ ಬಿಲ್ಲು, ಸಿನಿಮಾ ಟಿಕೆಟು ಜೋಡಿಸಿ ಇಡೀ ಸಂಸಾರಕ್ಕೆ ಸುಳ್ಳು ಬಾಯಿಪಾಠ ಮಾಡಿಸುತ್ತಾನೆ. ನಾವೆಲ್ಲ ಅವನ ಕಡೆ!

ಸರಿ ಸ್ವಾಮಿ. 2024ರ ಮೇ 19ರ ನಸುಕಿನಲ್ಲಿ ನಮ್ಮ ಕಲ್ಯಾಣಿನಗರದಲ್ಲಿ ಪೋರ್ಷೆ ಕಾರು ಗುದ್ದಿ ಬೈಕಿನಲ್ಲಿದ್ದ ಇಬ್ಬರು ಎಂಜಿನಿಯರುಗಳು ಸತ್ತರಲ್ಲ, ಇಬ್ಬರಿಗೂ ಬರೀ 24 ವರ್ಷ. ಕಾರು ಓಡಿಸಿದ್ದು 17ರ ಹುಡುಗ ಅಂತಾರೆ ಪೊಲೀಸರು. (300 ಪದದ ಪ್ರಬಂಧ ಬರೆ ಅಂತ ಹೇಳಿ ಜಾಮೀನು ಕೊಟ್ಟಿದ್ದು ಬೇರೆಯೇ ತಮಾಷೆ.) ಆಮೇಲೆ ಸಸೂನ್ ಆಸ್ಪತ್ರೆಯಲ್ಲಿ ಅವನ ರಕ್ತದ ಬದಲು ತಾಯಿಯ ರಕ್ತ ಇಟ್ಟರು, ತಪ್ಪು ನಿನ್ನದೇ ಅಂತ ಒಪ್ಪಿಕೋ ಎಂದು ಅಪ್ಪ, ಅಜ್ಜ ಸೇರಿ ಡ್ರೈವರನನ್ನು ಹೆದರಿಸಿದರು ಅನ್ನೋದೂ ಪೊಲೀಸರದೇ ಆರೋಪ. ಅದು ನಿಜವಾದರೆ, ಇದೂ ಸಂಸಾರದ ಮೇಲಿನ ಪ್ರೀತಿಯೇ ಅಲ್ವಾ? ಆ ಡ್ರೈವರನಿಗೆ ಮನೆಮಠ ಇಲ್ವಾ?

ಸಿನಿಮಾದಲ್ಲಿ ಸತ್ತವನು ಹುಡುಗಿಯ ವಿಡಿಯೋ ಹಿಡಿದುಕೊಂಡು ಪೀಡಿಸಿದ ನೀಚ. ಹಾಗಾಗಿ ನಮ್ಮ ಆತ್ಮಸಾಕ್ಷಿಗೆ ಆರಾಮ ರಜೆ. ಕತೆಗಾರನ ಕಳ್ಳಾಟ ಇರೋದೇ ಅಲ್ಲಿ. ಸತ್ತವರು ಏನೂ ತಪ್ಪು ಮಾಡದ ಯಾರದೋ ಮಕ್ಕಳು ಅಂತ ಇಟ್ಟು, ಅದೇ ಅಪ್ಪನ ಕತೆ ತೆಗೆಯಲಿ. ಆಗ ಸಿಳ್ಳೆ ಯಾರಿಗೆ ಬೀಳುತ್ತೆ ನೋಡೋಣ.