ಬಿಚ್ಚದ ಪೆಟ್ಟಿಗೆ: ನಮ್ಮ ಸಂಸ್ಥೆಯ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರ ಸನ್ನಿಧಿಗೆ,

ಮೂರು ಮನವಿಪತ್ರಗಳನ್ನು ಬರೆದು, ಎರಡು ಸಲ ರೋಣದಲ್ಲಿರುವ ತಮ್ಮ ಕಚೇರಿಯ ಬಾಗಿಲಲ್ಲಿ ಕಾದು, ಉತ್ತರವೊಂದೂ ದೊರೆಯದೆ ಹೋದುದರಿಂದ, ಗಜೇಂದ್ರಗಡದ ಕಾಲೇಜಿನ ಪ್ರಯೋಗಾಲಯವನ್ನು ನೋಡಿಕೊಳ್ಳುವ ನಾನು ಈ ಅರಿಕೆಯನ್ನು ಎಲ್ಲರೆದುರಿಗೆ ಮಾಡಬೇಕಾಗಿ ಬಂದುದಕ್ಕೆ ಖೇದಪಡುತ್ತೇನೆ.

ನಡೆದುದನ್ನು ಎಲ್ಲರೂ ಬಲ್ಲರು. ರೋಣ, ನರಗುಂದ, ಗಜೇಂದ್ರಗಡ, ಈ ಮೂರೂ ಊರುಗಳ ನಮ್ಮ ಕಾಲೇಜುಗಳ ವೈಫೈ ರೋಣದಲ್ಲಿರುವ ಒಂದೇ ಕಂಟ್ರೋಲರಿನ ಅಧೀನ. ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನವೇ ಅದು ಕೆಟ್ಟಿತು. ಸೂಡಿಯಿಂದ ಬಂದ ಹುಡುಗಿಯೊಬ್ಬಳು ಜಾತಿ, ಆದಾಯ ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು ಸಂಜೆಯವರೆಗೂ ನನ್ನ ಮೇಜಿನ ಮುಂದೆ ನಿಂತಿದ್ದಳು. ಆಕೆಯ ಅರ್ಜಿ ಹೋಗಲಿಲ್ಲ. ಮರುವಾರದ ಸಭೆಯಲ್ಲಿ, ಯುಗಾದಿಯೊಳಗಾಗಿ ಎರಡನೆಯ ಕಂಟ್ರೋಲರನ್ನು ಗಜೇಂದ್ರಗಡದಲ್ಲಿ ಸ್ಥಾಪಿಸುವುದಾಗಿ ತಾವು ಮಾತು ಕೊಟ್ಟಿರಿ.

ಯಂತ್ರವೇನೋ ಬಂದಿತು. ಅದು ರೋಣದ ಕಚೇರಿಯ ಬೀರುವಿನ ಪಕ್ಕದಲ್ಲಿ, ಅಂಟುಪಟ್ಟಿಯನ್ನು ಸಹ ಹರಿಯದ ರಟ್ಟಿನ ಪೆಟ್ಟಿಗೆಯೊಳಗಿದೆ. ನಾನು ಕಂಡಾಗ ಅದರ ಮೇಲೆ ಹಳೆಯ ಹಾಜರಿ ಪುಸ್ತಕಗಳ ಕಟ್ಟೂ ಚಹದ ಥರ್ಮಾಸೂ ಇದ್ದವು.

"ಕೆಟ್ಟಾಗ ತೆಗೆದು ಹಚ್ಚಿದರಾಯಿತು" ಎಂಬ ತಮ್ಮ ಕಚೇರಿಯ ಸಮಾಧಾನವು ಸಮಾಧಾನವಲ್ಲ. ಗೋಡೆಯ ಮೇಲಿದ್ದು ವೈಫೈ ಬೀರುವ ಆಕ್ಸೆಸ್ ಪಾಯಿಂಟು ತನ್ನ ಕಂಟ್ರೋಲರನ್ನು ಮತ್ತೆ ಮತ್ತೆ ವಿಚಾರಿಸುತ್ತ, ಉತ್ತರ ನಿಂತಾಗ ತನ್ನಲ್ಲಿ ಮೊದಲೇ ಬರೆದಿರಿಸಿದ ಎರಡನೆಯ ಹೆಸರಿನ ಕಂಟ್ರೋಲರನ್ನು ಸೇರಿಕೊಳ್ಳುವಂಥದು. ಆದಕಾರಣ ಮೊದಲನೆಯದು ಕೆಡುವ ಮುನ್ನವೇ ಆ ಎರಡನೆಯದು ಚಾಲೂ ಆಗಿರಬೇಕು, ಎರಡರ ಸಾಫ್ಟ್‌ವೇರ್ ಆವೃತ್ತಿಯೂ ಒಂದೇ ಆಗಿರಬೇಕು, ಮೂರೂ ಕಾಲೇಜುಗಳ ಭಾರವನ್ನು ಒಂಟಿಯಾಗಿ ಹೊರುವಷ್ಟು ಸಾಮರ್ಥ್ಯವೂ ಲೈಸೆನ್ಸೂ ಅದಕ್ಕಿರಬೇಕು. ಎರಡನ್ನೂ ರೋಣದಲ್ಲಿಯೇ ಒಂದೇ ಯುಪಿಎಸ್, ಒಂದೇ ಫೈಬರಿಗೆ ಜೋಡಿಸಿದರೆ ಬಾವಿ ಒಂದೇ ಇರುವಲ್ಲಿ ಕೊಡ ಎರಡಾದಂತೆ. ರಸ್ತೆ ಅಗೆಯುವ ಜೆಸಿಬಿ ಆ ಒಂದು ಎಳೆಯನ್ನು ಕಡಿದ ಗಳಿಗೆಯಲ್ಲಿ ಎರಡೂ ಮೂಕ. ಗಜೇಂದ್ರಗಡವೆಂದು ನಾನು ಹಟ ಹಿಡಿದದ್ದು ಇದಕ್ಕಾಗಿಯೇ ಹೊರತು ಊರಭಿಮಾನಕ್ಕಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರುಗಳಿಗೆ ನೀರು ನುಗ್ಗಿ ದಾರಿಗಳು ಕಡಿದುಹೋದುದನ್ನು ಕಂಡ ನಾವು, ಹುಬ್ಬಳ್ಳಿಯಿಂದ ರಿಪೇರಿಯವರು ಬಂದಾರೆಂದು ನಂಬಿ ಕುಳಿತಿರಲಾಗದು.

ಇಷ್ಟೂ ಆದ ಮೇಲೆ, ರಜೆಯ ಒಂದು ದಿನ ಮೊದಲನೆಯ ಕಂಟ್ರೋಲರನ್ನು ಬೇಕೆಂದೇ ನಿಲ್ಲಿಸಿ, ನರಗುಂದದ ತರಗತಿಯಲ್ಲಿ ಸಂಪರ್ಕ ಉಳಿಯಿತೇ ಎಂದು ಕಣ್ಣಾರೆ ನೋಡಬೇಕು. ಅದಕ್ಕೆ ಬೇಕಾಗುವುದು ಒಂದು ಮುಂಜಾನೆ ಮಾತ್ರ.

ಆದರೆ ನಿಮಗೆ ಬೇಕಾದುದು ಖರೀದಿಯ ದಿನದ ಫೋಟೋ. ಡೀಸೆಲ್ ಇಲ್ಲದ ಜನರೇಟರು, ನೀರು ಹಾಕದೆ ಸತ್ತ ಇನ್ವರ್ಟರ್ ಬ್ಯಾಟರಿಗಳು, ಅವಧಿ ಮೀರಿ ಗೋಡೆಗೆ ತೂಗುತ್ತಿರುವ ಅಗ್ನಿಶಾಮಕ ಸಿಲಿಂಡರುಗಳು, ಇವೆಲ್ಲವೂ ಆಯಾ ದಿನ ಹಾರ ಹಾಕಿಸಿಕೊಂಡವೇ. ಕೊಂಡದ್ದನ್ನು ಕಾಪಾಡುವುದು ನಿಮ್ಮ ಆಡಳಿತದಲ್ಲಿ ಯಾರ ಕೆಲಸವೂ ಅಲ್ಲ. ಯುಗಾದಿ ಕಳೆಯಿತು, ಗಣೇಶನ ಹಬ್ಬ ಕಳೆಯಿತು, ದಸರೆಯೂ ಕಳೆಯಿತು. ತುಂಬಿದ ಸಭೆಯಲ್ಲಿ ಕೊಟ್ಟ ಮಾತು ಥರ್ಮಾಸಿನ ಕೆಳಗಿದೆ.

ಈ ವರ್ಷದ ವಿದ್ಯಾರ್ಥಿವೇತನದ ಅರ್ಜಿಗಳು ಮತ್ತೆ ಆರಂಭವಾಗಲಿವೆ. ಪೆಟ್ಟಿಗೆಯನ್ನು ಗಜೇಂದ್ರಗಡಕ್ಕೆ ಕಳುಹಿಸಿರಿ. ಗಾಡಿಯ ಬಾಡಿಗೆಯನ್ನು ನಾನೇ ಕೊಡುತ್ತೇನೆ.

ಇಂತಿ,
ಗಜೇಂದ್ರಗಡದ ಕಾಲೇಜಿನ ಪ್ರಯೋಗಾಲಯ ಸಹಾಯಕ