ಪುಸ್ತಕಗಳಿಗೆ ವಿಳಾಸ ಬರೆಯುವ ವಿದ್ಯೆ

ಹಳೆಯ ಕನ್ನಡ ಪುಸ್ತಕವೊಂದರ ಮುಖಪುಟದಲ್ಲಿ ಇಸವಿಯಿಲ್ಲ. ‘ಪ್ರಭವ ಸಂವತ್ಸರ’ ಎಂದಷ್ಟೇ ಇದೆ ಎಂದುಕೊಳ್ಳಿ. ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವ ಸಂವತ್ಸರ ಅದು. 1867 ಇರಬಹುದು, 1927 ಇರಬಹುದು. ಸ್ಕ್ಯಾನರ್ ಯಂತ್ರ ಪುಟದ ಚಿತ್ರವನ್ನು ಚೆನ್ನಾಗಿಯೇ ತೆಗೆಯುತ್ತದೆ. ಆದರೆ ಅಚ್ಚುಕೂಟದ ಹೆಸರು, ಅಕ್ಷರದ ಮೊಳೆ, ಮುನ್ನುಡಿ ಬರೆದವರ ಕಾಲ ಇವನ್ನೆಲ್ಲ ನೋಡಿ ಇಸವಿಯನ್ನು ಗೊತ್ತುಮಾಡಲು ಓದಬಲ್ಲ ಮನುಷ್ಯರೇ ಬೇಕು. ಹೀಗೆ ದಾಖಲಿಸುವ ಕರ್ತೃ, ಶೀರ್ಷಿಕೆ, ಕಾಲ, ವಿಷಯ ಮೊದಲಾದ ವಿವರಗಳಿಗೆ ಮೆಟಾಡೇಟಾ ಎನ್ನುತ್ತಾರೆ. ಗ್ರಂಥಾಲಯದ ಕಾರ್ಡುಗಳ ಕೆಲಸವನ್ನು ಈಗ ಕಂಪ್ಯೂಟರಿನಲ್ಲಿ ಇದು ಮಾಡುತ್ತಿದೆ.

ಇದಕ್ಕೆ ಜಗತ್ತಿನಾದ್ಯಂತ ಒಪ್ಪಿತವಾದ ಮಾದರಿಗಳಿವೆ. ಅವುಗಳಲ್ಲಿ ಸರಳವಾದುದು ‘ಡಬ್ಲಿನ್ ಕೋರ್’. ಹೆಸರು ಕೇಳಿ ಐರ್ಲೆಂಡನ್ನು ನೆನೆಯಬೇಕಿಲ್ಲ; 1995ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್ ಎಂಬ ಊರಿನಲ್ಲಿ ನಡೆದ ಕಾರ್ಯಾಗಾರದಿಂದ ಬಂದ ಹೆಸರದು. ಅದರ ಮೂಲ ಅಂಶಗಳು ಹದಿನೈದೇ. ಒಂದು ವಾರದಲ್ಲಿ ಕಲಿಯಬಹುದು. ಕಷ್ಟವಿರುವುದು ಆ ಹದಿನೈದು ಮನೆಗಳಲ್ಲಿ ಏನು ತುಂಬಬೇಕೆಂಬುದರಲ್ಲಿ.

2000ದ ದಶಕದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಡಿ ಸಹಸ್ರಾರು ಕನ್ನಡ ಪುಸ್ತಕಗಳು ಸ್ಕ್ಯಾನ್ ಆದವು. ಆದರೆ ಹೆಸರುಗಳು ರೋಮನ್ ಲಿಪಿಯಲ್ಲಿ, ಎಷ್ಟೋ ಕಡೆ ತಪ್ಪು ಕಾಗುಣಿತದಲ್ಲಿ ದಾಖಲಾದವು. ಕಲೆಯೂ ಕಳೆಯೂ ರೋಮನ್ನಿನಲ್ಲಿ ಒಂದೇ ಆದರೆ ಓದುಗ ಹುಡುಕುವುದಾದರೂ ಹೇಗೆ? ಪುಸ್ತಕ ಇದ್ದೂ ಇಲ್ಲವಾಯಿತು. ಮುಂದೆ ‘ಸಂಚಯ’ದ ಆಸಕ್ತರು ಈ ಪಟ್ಟಿಯನ್ನು ಕನ್ನಡ ಲಿಪಿಗೆ ತಂದು, ಕನ್ನಡದಲ್ಲೇ ಹುಡುಕುವಂತೆ ಮಾಡಿದರು. ಮೊದಲೇ ಸರಿಯಾಗಿ ಬರೆದಿದ್ದರೆ ಈ ಎರಡನೆಯ ದುಡಿಮೆ ಬೇಕಿರಲಿಲ್ಲ.

ಹೆಸರಿನ ಗೋಜಲು ಇನ್ನೂ ಸ್ವಾರಸ್ಯ. ದ.ರಾ. ಬೇಂದ್ರೆ, ಡಿ.ಆರ್. ಬೇಂದ್ರೆ, ಅಂಬಿಕಾತನಯದತ್ತ ಮೂವರೂ ಒಬ್ಬರೇ ಎಂಬುದು ಕಂಪ್ಯೂಟರಿಗೆ ತಾನಾಗಿ ತಿಳಿಯದು. ಈ ರೂಪಗಳನ್ನೆಲ್ಲ ಒಂದು ಹೆಸರಿನಡಿ ಜೋಡಿಸುವುದೂ ತರಬೇತಿಯ ಭಾಗ. ಕನ್ನಡ ಎಂ.ಎ. ಮಾಡಿದವರು, ಹಳಗನ್ನಡ ಓದಬಲ್ಲವರು ಇಲ್ಲಿ ಕಂಪ್ಯೂಟರ್ ಪದವೀಧರರಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಾರೆ.

ತರಬೇತಿ ಈಗ ಮನೆಯಲ್ಲೇ ಕುಳಿತು ಪಡೆಯುವಂಥದು. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಸ್ವಯಂ’ ವ್ಯವಸ್ಥೆಯಲ್ಲಿ ಗ್ರಂಥಾಲಯ ವಿಜ್ಞಾನದ ಪಾಠಗಳು ಉಚಿತ. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಲು ಮಾತ್ರ ಶುಲ್ಕ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಸೂಚೀಕರಣದ ಪಾಠಗಳನ್ನು ಉಚಿತವಾಗಿ ಅಂತರ್ಜಾಲದಲ್ಲಿ ಇಟ್ಟಿದೆ. ದುಬಾರಿ ಖಾಸಗಿ ಕೋರ್ಸಿಗೆ ಹಣ ಕಟ್ಟುವ ಮುನ್ನ ಪಾಲಕರು ಕೇಳಬೇಕಾದ ಪ್ರಶ್ನೆ ಒಂದೇ: ವಿದ್ಯಾರ್ಥಿ ಬರೆದ ದಾಖಲೆಯನ್ನು ಯಾರಾದರೂ ಓದಿ ತಿದ್ದಿ ಕೊಡುತ್ತಾರೆಯೇ? ಬರೀ ವಿಡಿಯೋ ನೋಡಿ ಕೈಗೆ ಬರುವ ವಿದ್ಯೆ ಇದಲ್ಲ.

ಇನ್ನೊಂದು ಮಾತನ್ನೂ ಪಾಲಕರಿಗೆ ಮುಚ್ಚಿಡುವಂತಿಲ್ಲ. ಆರು ವಾರದ ಪ್ರಮಾಣಪತ್ರ ಬಿ.ಲಿಬ್., ಎಂ.ಲಿಬ್. ಪದವಿಗೆ ಸಮನಲ್ಲ. ಕಾಲೇಜು ಗ್ರಂಥಪಾಲಕರ ಹುದ್ದೆಗೆ ಸ್ನಾತಕೋತ್ತರ ಪದವಿಯ ಜೊತೆಗೆ ನೆಟ್ ಅಥವಾ ಕೆ-ಸೆಟ್‌ನಂಥ ಅರ್ಹತೆ ಬೇಕು. ಡಿಜಿಟಲೀಕರಣ ಯೋಜನೆಗಳ ಕೆಲಸ ಹಲವು ಕಡೆ ಗುತ್ತಿಗೆಯದು. ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಇಗ್ನೊದಂಥ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಲಿಬ್. ಓದುತ್ತ ಜೊತೆಗೇ ಈ ತರಬೇತಿ ಪಡೆಯುವುದು ಹೆಚ್ಚು ಭದ್ರವಾದ ದಾರಿ.

ಆಸಕ್ತಿ ಇದೆಯೋ ಇಲ್ಲವೋ ತಿಳಿಯಲು ಖರ್ಚೇ ಬೇಡ. ಮನೆಯಲ್ಲಿರುವ ಹತ್ತು ಹಳೆಯ ಪುಸ್ತಕಗಳನ್ನು ತೆಗೆದುಕೊಂಡು, ಡಬ್ಲಿನ್ ಕೋರ್‌ನ ಹದಿನೈದು ಅಂಶಗಳಿಗೆ ಒಂದು ಹಾಳೆಯಲ್ಲಿ ಉತ್ತರ ಬರೆಯಲಿ. ಕನ್ನಡವನ್ನು ಯೂನಿಕೋಡಿನಲ್ಲೇ ಬೆರಳಚ್ಚು ಮಾಡಿದರೆ ಮುಂದೆ ಹುಡುಕಲು ಅನುಕೂಲ. ಅಜ್ಜನ ಕಾಲದ ಪುಸ್ತಕವಾದರೆ ಪಕ್ಕದಲ್ಲಿ ಸಂವತ್ಸರಗಳ ಪಟ್ಟಿಯೂ ಇರಲಿ.