ರಚುನಾಲ್ನಿಕ್ ಮತ್ತು ಲಟ್ಟಣಿಗೆ

ಕಂಪ್ಯೂಟರಿಗೆ ಸ್ಲೊವೇನಿಯಾದವರು ‘ರಚುನಾಲ್ನಿಕ್’ ಅನ್ನುತ್ತಾರೆ. ಪಠ್ಯಪುಸ್ತಕದಲ್ಲೂ ಅದೇ, ಅಂಗಡಿಯ ಚೀಟಿಯಲ್ಲೂ ಅದೇ, ಮನೆಮಾತಿನಲ್ಲೂ ಅದೇ. ‘ರಚುನಾತಿ’ ಅಂದರೆ ಲೆಕ್ಕ ಮಾಡುವುದು. ಅದಕ್ಕೆ ‘ಲ್ನಿಕ್’ ಎಂಬ ಬಾಲ ಅಂಟಿಸಿದರೆ ಲೆಕ್ಕ ಮಾಡುವ ಸಾಧನ. ನಮ್ಮ ‘ಗಣಕಯಂತ್ರ’ದ ಅರ್ಥವೂ ಇಷ್ಟೇ. ಆದರೆ ಅವರ ಪದ ನಾಲಿಗೆ ಮೇಲಿದೆ, ನಮ್ಮದು ಸರ್ಕಾರಿ ಬೋರ್ಡಿನ ಮೇಲಿದೆ. ಆ ದೇಶದ ಜನಸಂಖ್ಯೆ ಸುಮಾರು 21 ಲಕ್ಷ. ಕನ್ನಡ ತಾಯಿನುಡಿಯಾಗಿರುವವರು 2011ರ ಜನಗಣತಿಯಲ್ಲೇ 4 ಕೋಟಿ ದಾಟಿದ್ದರು.

ಅವರಿಗೆ ಭಾಷಾಭಿಮಾನವಿದೆ, ನಮಗಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವವರು ಬಹಳ. ನನಗದು ಒಪ್ಪಿಗೆಯಿಲ್ಲ. ಆ ಬಾಲವನ್ನೊಮ್ಮೆ ನೋಡಿ ಅನ್ನುತ್ತೇನೆ.

ಮಿಕ್ಸಿ, ಫ್ರಿಜ್ಜು, ವಾಷಿಂಗ್ ಮೆಷಿನ್ನುಗಳ ಕೈಪಿಡಿಗಳನ್ನು ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡು. ಯುರೋಪಿನ ಕಂಪನಿಗಳ ಕೈಪಿಡಿಯಲ್ಲಿ ಒಂದೇ ಎಚ್ಚರಿಕೆಯನ್ನು ಹತ್ತಾರು ಭಾಷೆಗಳಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದರಲ್ಲೊಂದು ಸ್ಲೊವೇನಿಯನ್. ಕೆಲಸ ಬೇಸರವಾದಾಗ ಆ ಸಾಲುಗಳನ್ನು ಬಿಡಿಸುತ್ತ ಕೂರುವುದು ನನ್ನ ಚಟ. ಅವರ ದೊಡ್ಡ ನಿಘಂಟುಗಳೆಲ್ಲ ‘ಫ್ರಾನ್’ ಎಂಬ ಜಾಲತಾಣದಲ್ಲಿ 2014ರಿಂದ ಬಿಟ್ಟಿಯಾಗಿ ಸಿಗುತ್ತವೆ. ಚಟಕ್ಕೆ ಖರ್ಚೂ ಇಲ್ಲ.

ಹಾಗೆ ಓದುವಾಗ ಒಂದು ವಂಶಾವಳಿಯೇ ಬಿಚ್ಚಿಕೊಂಡಿತು. ಫ್ರಿಜ್ಜು ‘ಹ್ಲದಿಲ್ನಿಕ್’, ತಣಿಸುವಂಥದ್ದು. ವ್ಯಾಕ್ಯೂಮ್ ಕ್ಲೀನರ್ ‘ಸೆಸಾಲ್ನಿಕ್’, ಹೀರುವಂಥದ್ದು; ಮಗು ಮೊಲೆ ಚೀಪುವುದಕ್ಕೂ ಅದೇ ಕ್ರಿಯಾಪದ. ಮಿಕ್ಸರ್ ‘ಮೆಶಾಲ್ನಿಕ್’, ಕಲಸುವಂಥದ್ದು. ಅಡುಗೆಮನೆಯಿಂದ ಆಫೀಸಿಗೆ ಬಂದರೆ ಪ್ರಿಂಟರ್ ‘ತಿಸ್ಕಾಲ್ನಿಕ್’, ಸರ್ಚ್ ಎಂಜಿನ್ ‘ಇಸ್ಕಾಲ್ನಿಕ್’. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬ್ರೌಸರಿಗೆ ಇಟ್ಟ ಹೆಸರು, ‘ಬರ್ಸ್ಕಾಲ್ನಿಕ್’. ‘ಬರ್ಸ್ಕಾತಿ’ ಎಂದರೆ ಕೆದಕುವುದು, ಕೋಳಿ ತಿಪ್ಪೆ ಕೆದಕುವ ಹಾಗೆ. ನಾವು ಫೋನು ಹಿಡಿದು ರಾತ್ರಿ ಮಾಡುವ ಕೆಲಸಕ್ಕೆ ಇದಕ್ಕಿಂತ ಸರಿಯಾದ ಪದ ಇನ್ನೆಲ್ಲಿದೆ?

ಇಲ್ಲಿ ಹೊಸ ಪದ ಯಾವುದೂ ಒಂಟಿಯಾಗಿ ಬರುವುದಿಲ್ಲ. ಕೇಳಿದವನಿಗೆ ಅದರ ಅಣ್ಣತಮ್ಮಂದಿರು ಮೊದಲೇ ಗೊತ್ತು. ಹಾಗೆಂದು ಇದು ಕಬ್ಬಿಣದ ನಿಯಮವೇನಲ್ಲ. ಬಟ್ಟೆ ಒಗೆಯುವ, ಪಾತ್ರೆ ತೊಳೆಯುವ ಮೆಷಿನ್ನುಗಳಿಗೆ ಅವರೂ ಯಂತ್ರ ಎಂಬರ್ಥದ ‘ಸ್ತ್ರೋಯ್’ ಸೇರಿಸಿ ಸುಮ್ಮನಾಗಿದ್ದಾರೆ. ವರ್ಕ್‌ಶಾಪಿಗೆ ಹೋದರೆ ಕತೆ ಇನ್ನೂ ಬೇರೆ. ಸ್ಕ್ರೂ ಡ್ರೈವರಿಗೆ ನಿಘಂಟು ‘ಇಜ್ವಿಯಾಚ್’ ಎಂದರೂ ಮೇಸ್ತ್ರಿ ಕೇಳುವುದು ‘ಶ್ರಾಉಫೆನ್‌ತ್ಸಿಗರ್’, ಅಪ್ಪಟ ಜರ್ಮನ್ ಪಳೆಯುಳಿಕೆ. ಇ-ಮೇಲು ಮಾತಿನಲ್ಲಿ ‘ಮೆಯ್ಲ್’. ಸೆಲ್ಫಿಗೆ ‘ಸೆಬೆಕ್’ ಎಂಬ ಮುದ್ದಾದ ಪದ ಹುಟ್ಟಿದೆ, ‘ಸೆಲ್ಫಿ’ಯೂ ಪಕ್ಕದಲ್ಲೇ ಆರಾಮಾಗಿದೆ.

ಬಾಲವೊಂದೇ ಸಾಲದು, ಅದನ್ನು ಬಳಸಿಕೊಳ್ಳುವ ಜಾಗ ಬೇಕು. 1918ರವರೆಗೆ ಆ ನಾಡು ಆಳಿಸಿಕೊಂಡಿದ್ದು ವಿಯೆನ್ನಾದಿಂದ, ದೊಡ್ಡವರ ಭಾಷೆ ಜರ್ಮನ್. ಆ ಕಾಲದಲ್ಲೇ, 1880ರಲ್ಲಿ, ಮಾತೆಯ್ ತ್ಸಿಗಾಲೆ ಎಂಬಾತ ವಿಜ್ಞಾನದ ಪಾರಿಭಾಷಿಕ ಪದಕೋಶ ತಂದ. ಅದನ್ನು ಹೈಸ್ಕೂಲುಗಳನ್ನು ಕಣ್ಣಮುಂದಿಟ್ಟುಕೊಂಡೇ ಮಾಡಿದ್ದ. 1550ರಲ್ಲಿ ಮೊದಲ ಸ್ಲೊವೇನಿಯನ್ ಪುಸ್ತಕಗಳನ್ನು ಅಚ್ಚು ಹಾಕಿಸಿದ ಪ್ರಿಮೋಜ್ ತ್ರುಬಾರನ ಮುಖ ಇವತ್ತು ಅವರ 1 ಯೂರೋ ನಾಣ್ಯದ ಮೇಲಿದೆ. ಆ ಪುಸ್ತಕಗಳಲ್ಲಿ ಒಂದು ಅಕ್ಷರ ಕಲಿಸುವ ಬಾಲಬೋಧೆ. ಆಮೇಲೆ ನಾಡು ಯುಗೊಸ್ಲಾವಿಯಾಕ್ಕೆ ಸೇರಿತ್ತು; 1988ರಲ್ಲಿ ಅಲ್ಲಿನ ಸೇನಾ ನ್ಯಾಯಾಲಯ ನಾಲ್ವರು ಸ್ಲೊವೇನಿಯನ್ನರನ್ನು ಅವರದೇ ರಾಜಧಾನಿ ಲ್ಯುಬ್ಲ್ಯಾನಾದಲ್ಲಿ, ಅವರದಲ್ಲದ ಸೆರ್ಬೊ-ಕ್ರೊಯೇಷಿಯನ್‌ನಲ್ಲಿ ವಿಚಾರಣೆ ಮಾಡಿತು. ಜನ ಸಾವಿರಗಟ್ಟಲೆ ಬೀದಿಗಿಳಿದರು. ಮೂರು ವರ್ಷಕ್ಕೆ ದೇಶ ಸ್ವತಂತ್ರ. 2004ರಲ್ಲಿ ಭಾಷೆಯ ಸಾರ್ವಜನಿಕ ಬಳಕೆಗೆ ಕಾನೂನೇ ಬಂತು. ಮಾರುವ ಸಾಮಾನಿನ ಜೊತೆ ಅವರ ಭಾಷೆಯ ಕೈಪಿಡಿ ಇರಲೇಬೇಕು. ಇರುವೆ ಸಾಲಿನ ಅಕ್ಷರಗಳು ನನ್ನ ಮೇಜಿಗೆ ಬಂದದ್ದು ಹಾಗೆ.

ಇನ್ನು ನಮ್ಮ ವಿಷಯ. ಮುದ್ರಕ, ಶೋಧಕ, ಗಣಕ ಎನ್ನುವಾಗ ನಮಗೂ ಒಂದು ಬಾಲವಿದೆ. ತೊಂದರೆಯೆಂದರೆ ಅದಕ್ಕೆ ಅಡುಗೆಮನೆಯಲ್ಲಿ ನೆಂಟರಿಲ್ಲ. ಅಲ್ಲಿರುವ ಬಾಲವೇ ಬೇರೆ: ಬಾಚಲು ಬಾಚಣಿಗೆ, ಬೀಸಲು ಬೀಸಣಿಗೆ, ಲಟ್ಟಿಸಲು ಲಟ್ಟಣಿಗೆ. ನಮ್ಮ ‘ಲ್ನಿಕ್’ ಇದೇ. ಬರವಣಿಗೆ, ಮೆರವಣಿಗೆ ಎಂದು ಅದು ಸಾಧನವಲ್ಲದ್ದಕ್ಕೂ ಅಂಟುತ್ತದೆ ಎಂದು ಪಂಡಿತರು ಆಕ್ಷೇಪಿಸಬಹುದು. ಆಕ್ಷೇಪ ನಿಜ. ಆದರೆ ತಲೆ ಬಾಚಿಕೊಳ್ಳುವಾಗ ಯಾರಿಗೂ ಗೊಂದಲವಾದದ್ದು ನಾನು ಕಂಡಿಲ್ಲ.

ವ್ಯಾಕ್ಯೂಮ್ ಕ್ಲೀನರಿನ ಕೈಪಿಡಿಯೊಂದರಲ್ಲಿ ನಾನು ‘ಹೀರಣಿಗೆ’ ಎಂದು ಬರೆದು ಕಳಿಸಿದ್ದೆ. ಪರಿಶೀಲಕರು ಅದನ್ನು ಹೊಡೆದುಹಾಕಿ ಇಂಗ್ಲಿಷ್ ಪದವನ್ನೇ ಇಟ್ಟರು. ಅವರನ್ನು ಬೈಯಲಾರೆ, ಕೊಂಡವರು ಪುಟ ತೆರೆದು, ಇದ್ಯಾವ ಸಾಮಾನಪ್ಪಾ ಎಂದು ತಬ್ಬಿಬ್ಬಾಗಬಾರದು. ಕೈಪಿಡಿ ಪದ ಕಲಿಸುವ ಜಾಗವಲ್ಲ, ಶಾಲೆ ಆ ಜಾಗ. ನಾಲ್ಕನೇ ತರಗತಿಯ ಪಾಠವೊಂದರಲ್ಲಿ ಬಾಚಣಿಗೆ, ಬೀಸಣಿಗೆಗಳ ಸಾಲಿನಲ್ಲೇ ಹೀರಣಿಗೆ, ಹುಡುಕಣಿಗೆ ಇಟ್ಟು, ಮುಂದಿನ ನಾಲ್ಕು ಹೆಸರು ನೀವೇ ಕಟ್ಟಿ ಎಂದು ಮಕ್ಕಳಿಗೆ ಬಿಟ್ಟರೆ ಸಾಕು. ಒಂಟೊಂಟಿ ಪದಗಳ ಪಟ್ಟಿ ಹೊರಡಿಸುವ ಸಮಿತಿಗಳಿಗೆ ಇದು ಸಣ್ಣ ಕೆಲಸವಾಗಿ ಕಾಣಬಹುದು.

‘ಕಂಪ್ಯೂಟರ್’ ಅನ್ನು ಮಾತ್ರ ಮುಟ್ಟುವುದು ಬೇಡ. ಅದು ಕಂಪ್ಯೂಟರಿನಲ್ಲಿ, ಕಂಪ್ಯೂಟರಿಂದ ಎಂದು ನಮ್ಮ ವಿಭಕ್ತಿಗಳನ್ನೆಲ್ಲ ತೊಟ್ಟು ಮನೆಯವನೇ ಆಗಿಬಿಟ್ಟಿದೆ. ಇನ್ನೂ ಹೊಸ್ತಿಲಲ್ಲಿ ನಿಂತಿರುವ ಸಾಮಾನುಗಳಿಂದ ಶುರುಮಾಡೋಣ. ನನ್ನ ಕೈಯಲ್ಲೀಗ ಏರ್ ಫ್ರೈಯರಿನ ಕೈಪಿಡಿಯಿದೆ. ಶೀರ್ಷಿಕೆಯಲ್ಲಿ ಇಂಗ್ಲಿಷ್ ಹೆಸರನ್ನೇ ಉಳಿಸಿ, ಒಳಪುಟದಲ್ಲಿ ಒಂದೇ ಒಂದು ಕಡೆ ‘ಹುರಿಯಣಿಗೆ’ ಸೇರಿಸಿದ್ದೇನೆ. ಪರಿಶೀಲಕರು ಈ ಲೇಖನ ಓದದಿದ್ದರೆ ಉಳಿದೀತು.